ಒಂದು ಸ್ಟೂಲು ಬಿಟ್ಟು

ಆಂಕರೇಜಿನಲ್ಲಿ ಜನವರಿಯ ಹಗಲು
ಬಂದ ದಾರಿಗೆ ಸುಂಕವಿಲ್ಲವೆಂದು
ಊಟದ ಹೊತ್ತಿಗೇ ತಿರುಗಿ ಹೊರಡುತ್ತದೆ.
ಡಚ್ ಹಾರ್ಬರಿನ ವಿಮಾನ ಇವತ್ತೂ ಇಲ್ಲ.
ಅಲ್ಲಿ ಗಾಳಿ ರನ್‌ವೇಗೆ ಅಡ್ಡ ಮಲಗಿದೆಯಂತೆ,
ಎಬ್ಬಿಸುವವರು ಯಾರು?

ಬಾ ಈಚೆ, ಟಾವೆಲ್ಲು ಹೆಗಲ ಮೇಲೆ ಹಾಕಿಕೋ.
ಯಾವ ಬಾಟಲಿ ಎಲ್ಲಿ ಅಂತ ಆಮೇಲೆ ತೋರಿಸುತ್ತೇನೆ.
ಮೊದಲು ನೋಡು, ಜನ ಹೇಗೆ ಕೂರುತ್ತಾರೆ:
ಒಂದು ಸ್ಟೂಲು ಬಿಟ್ಟು.
ಆ ಖಾಲಿ ಸ್ಟೂಲು ಯಾರದೂ ಅಲ್ಲ, ಇಬ್ಬರದೂ ಹೌದು.
ಅದರ ಮೇಲೆ ಮೊದಲು ಕೈಗವಸು ಬರುತ್ತದೆ,
ಆಮೇಲೆ ಟೋಪಿ,
ಆಮೇಲೆ ಮಾತು.
ಮಾತೇ ಮೊದಲು ಬಂದು ಕೂತರೆ ತಿಳಿದುಕೋ,
ಆಸಾಮಿ ಈ ಕಡೆಯವನಲ್ಲ.

ಎಲ್ಲಿಗೆ ಅಂತ ಕೇಳಬಹುದು.
ಯಾಕೆ ಅಂತ ಕೇಳಬಾರದು.
ಯಾಕೆ ಅನ್ನುವುದು ಮೂರನೇ ಲೋಟಕ್ಕೆ
ತಾನಾಗೇ ಕೋಟು ಬಿಚ್ಚುತ್ತದೆ.
ಆಗ ನೀನು ಲೋಟ ಒರೆಸುತ್ತಿರಬೇಕು,
ಅದು ಒಣಗಿದ್ದರೂ.

ಬಾತ್‌ರೂಮಿಗೆ ಎದ್ದವನು
ಲೋಟದ ಬಾಯಿಗೆ ರಟ್ಟಿನ ಬಿಲ್ಲೆ ಮುಚ್ಚಿ ಹೋದರೆ
ಅದು ಅವನ ಮನೆ, ಚಿಲಕ ಹಾಕಿದೆ.
ಪ್ಲಗ್ಗು ಇರುವುದು ಎರಡೇ.
ಹೊಟ್ಟೆ ತುಂಬಿದ ಫೋನು ಇನ್ನೂ ಚೀಪುತ್ತಿದ್ದರೆ
ಮೆಲ್ಲಗೆ ಬಿಡಿಸು, ಮೊಲೆ ಬಿಡಿಸಿದ ಹಾಗೆ.
ತಲೆಯಿಟ್ಟು ಮಲಗಿದವನ ಜೇಬಿನಿಂದ
ಬೋರ್ಡಿಂಗ್ ಪಾಸು ಇಣುಕುತ್ತಿರುತ್ತದಲ್ಲ,
ಹೊತ್ತು ಓದಿಕೊಂಡಿರು. ಎಬ್ಬಿಸು.
ಟಿಪ್ಸು ಕೊಡದ ಜಿಪುಣನಾದರೂ ಎಬ್ಬಿಸು.
ನಮ್ಮಮ್ಮ ಪಾಗೋ ಪಾಗೋದಿಂದ ಬರುವಾಗ
ಹೊನೊಲುಲುವಿನಲ್ಲಿ ಯಾರೂ ಎಬ್ಬಿಸಲಿಲ್ಲವಂತೆ;
ಸಾಯುವ ತನಕ ಆ ಊರನ್ನು ಬೈದಳು.

ಮೂಲೆಯಲ್ಲಿ, ತೊಡೆಯ ಮೇಲೆ
ದೋಣಿಯ ಪ್ರೊಪೆಲರು ಇಟ್ಟುಕೊಂಡವನು
ಇನ್ನೊಕೆಂಟಿ ಶಾಂಗಿನ್.
ಮೂರು ದಿನದಿಂದ ಅದೇ ಅಂಗಿ.
ಲಗೇಜಿಗೆ ಕೊಡುವುದಿಲ್ಲ,
ಹೋದ ಸಲ ಕೊಟ್ಟಿದ್ದು ಊರೂರು ಸುತ್ತಿ
ಮೀನಿನ ಕಾಲ ಮುಗಿದ ಮೇಲೆ ಮನೆಗೆ ಬಂತಂತೆ.

ಒಂದು ಸ್ಟೂಲು ಬಿಟ್ಟು, ವೆರ್ನಾ ಕಿಯೋಕುನ್.
ತಿಂಗಳಿಗೊಮ್ಮೆ ಬೆಥೆಲ್‌ಗೆ, ಔಷಧಿಯ ಪೆಟ್ಟಿಗೆ ಜೊತೆ.
ಅವಳಿಗೆ ಬಿಸಿನೀರು, ಒಂದು ಬಿಲ್ಲೆ ನಿಂಬೆ.
ಒಂಬತ್ತು ವರ್ಷವಾಯಿತು ಬಿಟ್ಟು.
ಮತ್ತೆ ಇಲ್ಲೇ ಯಾಕೆ ಕೂರುತ್ತೀಯೆ,
ಅಂತ ಒಮ್ಮೆ ನಾನೇ ನನ್ನ ನೇಮ ಮುರಿದು ಕೇಳಿದೆ.
ಗೇಟಿನ ಹತ್ತಿರ ಕುರ್ಚಿಗಳೆಲ್ಲ ಒಂದೇ ಕಡೆ ಮುಖ ಮಾಡಿವೆ,
ಬೆನ್ನು ನೋಡಿ ನೋಡಿ ಸಾಕು, ಅಂದಳು.

ಹೋದ ಗುರುವಾರ ಒಬ್ಬ, ಎಣ್ಣೆಬಾವಿಯ ಕೆಲಸ ಮುಗಿಸಿದವನು,
ಖುಷಿಯಲ್ಲಿ ಕೂಗಿದ: ಎಲ್ಲರಿಗೂ ನನ್ನ ಲೆಕ್ಕ!
ಕೈಗೆ ಕಣ್ಣಿಲ್ಲ ನೋಡು.
ಹದಿನೆಂಟು ವರ್ಷದ ಅಭ್ಯಾಸದಲ್ಲಿ
ಸಾಲಾಗಿ ಸುರಿಯುತ್ತಾ ಹೋದೆ.
ಅವಳ ಮುಂದೂ ಒಂದು.

ಅವಳು ಬೇಡ ಅನ್ನಲಿಲ್ಲ. ಮುಟ್ಟಲೂ ಇಲ್ಲ.
ನಿಂಬೆಯ ಬೀಜ ಚಮಚದಲ್ಲಿ ತೆಗೆಯುತ್ತಾ ಕೂತಳು,
ಅದರಲ್ಲಿ ಬೀಜವೇ ಇರಲಿಲ್ಲ.

ಶಾಂಗಿನ್ ತಲೆ ಎತ್ತಲಿಲ್ಲ.
ಪ್ರೊಪೆಲರು ಒಂದು ಕೈಯಲ್ಲಿ ಹಿಡಿದೇ
ಖಾಲಿ ಸ್ಟೂಲಿನ ಮೇಲಿಂದ ಇನ್ನೊಂದು ಕೈ ಚಾಚಿ
ಆ ಲೋಟ ಈಚೆಗೆ ಎಳೆದುಕೊಂಡ.
ಬಿಲ್ಲೆ ಮುಚ್ಚಿದ.
ಕುಡಿಯಲಿಲ್ಲ.

ಬೆಥೆಲ್ ವಿಮಾನ ಕರೆದರು. ಎದ್ದಳು.
ಹೋಗುವಾಗ ತನ್ನ ಬಿಸಿನೀರಿನ ಕಪ್ಪು
ಅವನ ಕಡೆಗೆ ಒಂದು ಗೇಣು ಸರಿಸಿ ಹೋದಳು,
ಇನ್ನೂ ಹಬೆ ಇತ್ತು.
ಅವನು ಅದಕ್ಕೆ ಕೈ ಕಾಯಿಸಿಕೊಂಡ.
ಮುಚ್ಚಿದ ಲೋಟ ರಾತ್ರಿ ನಾನೇ ಸಿಂಕಿಗೆ ಸುರಿದೆ.

ಇವತ್ತು ಮತ್ತೆ ಇಬ್ಬರೂ ಬಂದಿದ್ದಾರೆ.
ನಮಸ್ಕಾರವಿಲ್ಲ, ಏನಿಲ್ಲ.
ಅದನ್ನೆಲ್ಲ ಹೇಗೆ ಕಲಿಸುವುದು ನಿನಗೆ?

ಅಗೋ, ಬಾಗಿಲಲ್ಲಿ ಹೊಸಬ,
ಹುಬ್ಬಿನ ತುಂಬ ಹಿಮ, ಗಾಲಿ ಮುರಿದ ಸೂಟ್‌ಕೇಸು.
ಬನ್ನಿ ಅನ್ನಬೇಡ ಇನ್ನೂ.
ಎಲ್ಲಿ ಕೂರುತ್ತಾನೋ ನೋಡೋಣ.