ಎಂಟನೇ ಸಾಲು

ಬ್ಯಾಂಡು ಸಾವಕಾರಂದು, ಖರೆ.
ಶಹಾಬಜಾರ ನಾಕಾದ ತಗಡಿನ ಶೆಡ್ಡಿನಾಗ
ಮೊಳಿಗಿ ಜೋತುಬಿದ್ದ ಇಪ್ಪತ್ತಮೂರು ಹಿತ್ತಾಳಿ ಅವಂದು,
ಜರದ ಅಂಚಿನ ಕೆಂಪ ಕೋಟು ಅವಂದು,
ಅದರ ಕಂಕುಳದಾಗ ಒಣಗಿದ
ನಮಗಿಂತ ಮದ್ಲಿನವರ ಬೆವರು ಸುದ್ದ ಅವಂದೇ.
ನಮ್ಮದು ಅಂಬೋದು ಮೂತಿ ಒಂದು.
ಊದೋ ತುದಿಗಿ ಸಿಗಿಸೋ ಹೆಬ್ಬಟ್ಟಿನಷ್ಟು ತುಂಡು.
ಒಬ್ಬರ ಎಂಜಲ ಒಬ್ಬರಿಗಿ ಬ್ಯಾಡಂತ
ಅವರವರದು ಅವರವರ ಕಿಸೆದಾಗ,
ತಂಬಾಕದ ಡಬ್ಬಿ ಬಾಜೂಕ.

ನಾನು ಎರಡನೇ ಕ್ಲಾರ್ನೆಟ್ಟು.
ಏಳನೇತ್ತದ ತನಕ ಸಾಲಿ ಕಲ್ತಂವ,
ಅದಕ್ಕ ಬೇಡಿಕಿ ಬರಿಯೋದು ನನಗೇ ಬಂತು.
ಗಂಜಿನ ಅಡತಿ ಅಂಗಡಿ ಚೀಟಿ ಹಿಂದ
ಏಳು ಸಾಲು ಬರದೆ.
ಲಗ್ನಕ್ಕ ನಾನೂರು ಸಾಲಂಗಿಲ್ಲ, ಆರನೂರು ಬೇಕು.
ಕೋಟ ಒಗದ ರೊಕ್ಕ ಪಗಾರದಾಗ ಮುರಿಬಾರದು.
ಹಲ್ಲು ಬಿದ್ದಂವಗ ಊದಲಾಕ ಬರಂಗಿಲ್ಲಂತ
ಒಮ್ಮೆಲೆ ಮನಿಗಿ ಕಳಿಸಬಾರದು, ಝಾಂಜರೇ ಕೊಡ್ರಿ.
ಉಳಿದ ನಾಕು ಈಗ ನೆನಪಿಲ್ಲ.

ಜೈನೋದ್ದೀನ ಮಾಸ್ತರ ಚೀಟಿ ಓದಿದ್ರು,
ಚಾಳೀಸ ಏರಿಸಿ ಮತ್ತೊಮ್ಮೆ ಓದಿದ್ರು.
ಸಾವಕಾರನ ಮುಂದ ಅವರಿಗಿ ಕುರ್ಚಿ ಅದ,
ನಮ್ಮ ಮನ್ಯಾಗ ಚಾಪಿ. ಎರಡೂ ಕಡಿ ಕೂತು ಮಣಕಾಲ ಹಿಡದಾವ.
"ಮೂವತ್ತ ವರ್ಷ ಕೋಲ ಬೀಸೀನಿ,
ನೀವೆಲ್ಲಾ ಕೂಡಿ ಒಂದೇ ತಾಳಕ್ಕ ಬಂದದ್ದು
ಇದೇ ಮದ್ಲು" ಅಂದ್ರು.
ಬೈದ್ರೋ ಹೊಗಳಿದ್ರೋ ಇನ್ನೂ ತಿಳಿದಿಲ್ಲ.

ಅಕ್ಕತದಿಗಿ ದಿನ. ನಾಕು ಲಗ್ನ ಬುಕ್ಕಾಗಿದ್ದುವು.
ಸಾವಕಾರ ಶೆಡ್ಡಿಗಿ ಕೀಲಿ ಹಾಕಿ
ಸೋಲಾಪುರದಿಂದ ಟೆಂಪೋದಾಗ ಹುಡುಗರ್ನ ತರಿಸಿದ.
ಅವರು ನಮ್ಮ ಹಿತ್ತಾಳಿ ಎತ್ತಿಕೊಂಡ್ರು,
ತಮ್ಮ ಕಿಸೆದಾಗ ಕೈ ಹಾಕಿ ತಮ್ಮ ಮೂತಿ ತೆಗದ್ರು.
ಕೂಡಲಿಲ್ಲ. ಒಂದು ಸಡ್ಲು, ಒಂದು ಬಿಗಿ.
ಹಳೀ ಕೊಂಬು ಗಾಳಿ ಅಷ್ಟೇ ಬಿಟ್ಟುವು,
ಮುದುಕ ನಿದ್ದಿಗಣ್ಣಾಗ ಬಿಟ್ಟಂಗ.
ಎದುರಿನ ಕಟ್ಟಿ ಮ್ಯಾಲ ಕೂತ ಅಂಬಾರಾಯ ಜೋರು ನಕ್ಕ.
ನಗಬಾರದಿತ್ತು.
ಆ ಹುಡುಗರಿಗಿ ಮುನ್ನೂರು ಹೇಳಿ ತಂದಿದ್ರಂತ,
ತಿರುಗಿ ಹೋಗಲಾಕ ಬಸ್ಸಿನ ರೊಕ್ಕ ಇರಲಿಲ್ಲ.
ನಾವೇ ವಂತಿ ಎತ್ತಿ ಕೊಟ್ಟಿವಿ.

ಮೂರನೇ ದಿನ ಆಯ್ತು ರಾಜಿ.
ಐದನೂರಾ ಐವತ್ತು. ಕೋಟಿನ ರೊಕ್ಕ ಮಾಫ.
ನಕ್ಕಂವನ ಡೋಲು ಮಾತ್ರ ಬ್ಯಾರೆಯವರ ಕೊಳ್ಳಿಗಿ ಬಿತ್ತು.
ಎರಡು ದಿನ ನಾವು "ಇಲ್ಲ" ಅಂದಿವಿ,
ಆಮ್ಯಾಲ ಅಂಬಾರಾಯನೇ "ಹೋಗ್ರೋ, ಹೋಗ್ರಿ" ಅಂದ.
ಅಂವ ಅಂದನಂತ ನಾವು ಹೋದಿವಿ.

ಅವತ್ತ ರಾತ್ರಿ ಸೂಪರ ಮಾರ್ಕೆಟಿನ ರಸ್ತೆ.
ಕುದುರಿ ಮ್ಯಾಲ ವರ, ಕಾದ ಪರ್ಸಿ,
ಮುಂದ ಹತ್ತು ಹೆಣ್ಮಕ್ಕಳು, ಆಕಡಿ ಐದು ಈಕಡಿ ಐದು,
ತಲಿ ಮ್ಯಾಲ ಗಾಜಿನ ದೀಪದ ಗಿಡ.
ತಲಿಯಿಂದ ತಲಿಗಿ ಒಂದೇ ವೈರು,
ಕಡೀಕ ಜನರೇಟರಿನ ಕೈಗಾಡಿ.
ಸ್ವರಕ್ಕ ಸ್ವರ ಹತ್ತಿತ್ತು, ಐವತ್ತ ರೂಪಾಯಿ ಜಾಸ್ತಿನೇ ಊದಲಾಕತ್ತಿದ್ದೆ.

ಮುಂದಿನ ತುಳಜಮ್ಮ ತಿರುಗಿ ನೋಡಿದಳು.
ಕುತ್ತಿಗಿ ತಿರುವಲಾಕ ಬರಂಗಿಲ್ಲ, ದೀಪದ ತೂಕ;
ಇಡೀ ಮೈ ತಿರುಗಿಸಿದಳು.
"ಚೀಟ್ಯಾಗ ನಮ್ಮದು ಎಷ್ಟನೇ ಸಾಲೋ, ತಮ್ಮಾ?"

ಅಡತಿ ಚೀಟಿ ಉದ್ದ ಇತ್ತು.
ಏಳರ ಕೆಳಗ ನಾಕು ಬಟ್ಟು ಖಾಲಿ.
ಅಲ್ಲಿ ಯಾರೋ ತೊಗರಿ ತೂಕ ಬರದು ಹೊಡದಿದ್ರು,
ನಾನು ಅದರ ಮ್ಯಾಲೇ ಸಹಿ ಮಾಡ್ಸಿದ್ದೆ.

ಆಕಿ ದೀಪ ಇಳಿಸಿ ನೆಲಕ್ಕ ಇಟ್ಟಳು, ಸಾವಕಾಶ,
ಕೊಡ ಇಳಿಸಿದಂಗ.
ವೈರು ಎಳೀತು. ಎರಡನೇಕಿ ಇಳಿಸಿದಳು, ಮೂರನೇಕಿ.
ಕುದುರಿ ನಿಂತಿತು. ವರನ ಮಾವ ಒದರಲಾಕತ್ತ.
ಕಾಲ ಬುಡದ ಬೆಳಕಿನಾಗ
ನಮ್ಮ ಬೂಟು ಕಾಣಸ್ತಿದ್ದುವು, ಮಾರಿ ಇಲ್ಲ.

ಮಾಸ್ತರ ಕೋಲ ಮ್ಯಾಲ ಎತ್ತಿದ್ರು,
ಕೆಳಗ ತರಲಿಲ್ಲ.
ನಾನು ಮೂತಿ ತಿರುವಿ ಬಿಚ್ಚಿದೆ.
ಇನ್ನೂ ಹಸಿ ಇತ್ತು.
ಕಿಸೆದಾಗ ಹಾಕಬೇಕೋ, ಮತ್ತ ಸಿಗಿಸಬೇಕೋ,
ಅಂಬಾರಾಯ ಅಲ್ಲಿ ಇದ್ದಿದ್ರ ಕೇಳತಿದ್ದೆ.