ಎಡಗಣ್ಣು ಅದುರಿದರೆ

ಎಡಗಣ್ಣು ಅದುರಿದರೆ ಹೆಂಗಸರಿಗೆ ಒಳ್ಳೆಯದಂತೆ.
ಕಾರಿಗೆ?

ಅರವತ್ತೇಳರ ಸ್ಟ್ಯಾಂಡರ್ಡ್ ಹೆರಾಲ್ಡು,
ಕೆನೆಬಣ್ಣ, ಎರಡೇ ಬಾಗಿಲು.
ಮಿನರ್ವ ಸರ್ಕಲ್ಲಿನಲ್ಲಿ ಬ್ರೇಕು ಒತ್ತಿದರೆ
ಹಿಂದಿನ ಎಡದೀಪ ಉರಿಯುವ ಬದಲು ಮಂಕಾಗುತ್ತದೆ,
ಯಾರೂ ಕರೆಯದ ಇಂಡಿಕೇಟರು
ಅರೆಮನಸ್ಸಿನಲ್ಲಿ ಮಿಣುಕುತ್ತದೆ.
ಪೇದೆ ಬಂದು ಬಾನೆಟ್ಟು ಸವರಿ
"ಚೆನ್ನಾಗಿದೆ ಮೇಡಂ ಗಾಡಿ" ಅಂದು
ಐನೂರು ಬರೆದ.

ದೊಡ್ಡಮಾವಳ್ಳಿಯ ನಮ್ಮ ಗಲ್ಲಿಯ ಅಗಲ
ಒಂದು ಕಾರು, ಒಂದು ಬೈಕು, ಒಂದು ಜಗಳ.
ಭಾನುವಾರ ಅಲ್ಲೇ ಡಿಕ್ಕಿ ತೆಗೆದು ಕೂತೆ.
ಮೊದಲು ಬಲ್ಬು, ಜೆ.ಸಿ. ರಸ್ತೆಯಿಂದ ತಂದದ್ದು, ಎರಡೆಳೆಯದು.
ಅದೇ ಮಂಕು.
ಆಮೇಲೆ ಫ್ಯೂಸು. ಆಮೇಲೆ ಪೆಡಲಿನ ಸ್ವಿಚ್ಚು.
ಆಮೇಲೆ ಟೀ.

ವೈರುಗಳನ್ನು ಎಳೆದು ಮಡಿಲಲ್ಲಿ ಹಾಕಿಕೊಂಡೆ.
ಕೆಂಪು, ರಾತ್ರಿಯ ದೀಪಕ್ಕೆ.
ಹಸಿರಿನ ಮೇಲೆ ನೇರಳೆ ಗೆರೆ, ಬ್ರೇಕಿಗೆ.
ಹಸಿರಿನ ಮೇಲೆ ಕೆಂಪು, ಎಡಕ್ಕೆ ತಿರುಗಲಿಕ್ಕೆ.
ಇದು ಪುಸ್ತಕದ ಮಾತು.
ಅರ್ಧ ಶತಮಾನದ ಎಣ್ಣೆ, ಬಿಸಿಲು, ಇಲಿ ಸೇರಿ
ಎಲ್ಲಕ್ಕೂ ಒಂದೇ ಹುಣಸೆಹಣ್ಣಿನ ಬಣ್ಣ ಕೊಟ್ಟಿವೆ.
ನಡುವೆ ಯಾರೋ ಪುಣ್ಯಾತ್ಮ
ಸೀರಿಯಲ್ ಸೆಟ್ಟಿನ ಎಳೆ ಸೇರಿಸಿ
ಗಾಯದ ಪಟ್ಟಿ ಸುತ್ತಿದ್ದಾನೆ.
ಬೈಯೋಣವೆಂದರೆ ಗಂಟು ಅಷ್ಟು ಬಿಗಿ, ಅಷ್ಟು ಅಚ್ಚುಕಟ್ಟು.
ಬಿಚ್ಚಲು ಮನಸ್ಸಾಗಲಿಲ್ಲ.
ಬಿಚ್ಚಿದೆ.

ಈ ದೀಪದ ತೊಂದರೆಯೇ ಇದು:
ಒತ್ತುವವಳು ಮುಂದೆ, ಕಾಣುವುದು ಹಿಂದೆ.
ಎದುರುಮನೆ ಧರಣೇಂದ್ರಯ್ಯನವರು ಗೇಟಿನಲ್ಲಿದ್ದರು.
ಸರ್ವೆ ಇಲಾಖೆ, ನಿವೃತ್ತ.
ನನ್ನ ಬಂಪರು ಅವರ ಗೇಟಿನ ಗೆರೆ ದಾಟಿ ಒಂಬತ್ತು ಅಂಗುಲ ಒಳಗಿದೆ ಎಂದು
ಟೇಪು ಹಿಡಿದು ತೋರಿಸಿ
ಎಂಟು ತಿಂಗಳಿಂದ ಮಾತು ಬಿಟ್ಟವರು.
"ಸಾರ್, ಒಂಚೂರು ಹಿಂದೆ ನಿಂತು ನೋಡ್ತೀರಾ?"
ಅವರು ಚಪ್ಪಲಿ ಹುಡುಕಿದರು.

"ಬಂತಾ?"
"ಬಂತು. ಇಲ್ಲ, ಹೋಯ್ತು."
"ಈಗ?"
"ಬೇರೆ ಯಾವುದೋ ಬಂತು."

ಸಿದ್ದಯ್ಯ ರಸ್ತೆಯ ಗೌಸ್ ಸಾಬರಿಗೆ ಫೋನು ಮಾಡಿದೆ.
ಮೊಮ್ಮಗಳು ಅಳುವ ಸದ್ದಿನ ಆಚೆಯಿಂದ ಹೇಳಿದರು:
"ಕರೆಂಟು ಬರೋದು ಬಿಡಿ ಮೇಡಂ, ಹೋಗೋದು ನೋಡಿ.
ಬರೋಕೆ ಎಲ್ರೂ ದಾರಿ ಮಾಡ್ತಾರೆ.
ವಾಪಸ್ ಹೋಗೋಕೆ ದಾರಿ ಇಲ್ಲಾಂದ್ರೆ ಪಾಪ,
ಪಕ್ಕದ ಬಲ್ಬಿನ ಮನೆಯೊಳಗೇ ನುಗ್ಗಿ ಹೋಗುತ್ತೆ.
ಅರ್ತ್ ನೋಡಿ, ಅರ್ತ್."

ಅರ್ತ್ ಅಂದರೆ ಭೂಮಿ ಅಂದುಕೊಂಡಿದ್ದೆ.
ಕಾರು ಭೂಮಿಯನ್ನು ಮುಟ್ಟುವುದೇ ಇಲ್ಲ,
ನಾಲ್ಕು ರಬ್ಬರಿನ ಮೇಲೆ ಮಡಿಯಾಗಿ ನಿಂತಿರುತ್ತದೆ,
ತನ್ನ ಮೈಯೇ ತನಗೆ ಮಣ್ಣು.
ಗೇಣುದ್ದದ ಕಪ್ಪು ವೈರು
ಒಂದು ತಿರುಪಿನಡಿ ತಗಡಿಗೆ ಕೆನ್ನೆ ಒತ್ತಿ ಕೂತಿತ್ತು.
ತಿರುಪು ಬಿಚ್ಚಿದೆ.
ಕೆಳಗೆ ಕೆನೆಬಣ್ಣ.
ನುಣುಪು, ಒಂದು ಕಲೆಯಿಲ್ಲ.
ಹೋದ ದೀಪಾವಳಿಗೆ ನಾನೇ ನಿಂತು ಹೊಡೆಸಿದ ಮೂರು ಕೋಟು.
"ಎಲ್ಲೂ ತಗಡು ಕಾಣಬಾರದು" ಅಂತ
ಪೇಂಟರಿಗೆ ತಾಕೀತು ಮಾಡಿದ್ದೂ ನಾನೇ.

ಉಪ್ಪುಕಾಗದ ಧರಣೇಂದ್ರಯ್ಯನವರ ಮನೆಯಿಂದ ಬಂತು.
ಎಂಟಾಣೆಯಗಲ ಉಜ್ಜಿದೆ. ಕೆನೆ ಹೋಯಿತು.
ಅದರಡಿ ಯಾರದೋ ಇಷ್ಟದ ಹಸಿರು.
ಅದರಡಿ ಇಟ್ಟಿಗೆಗೆಂಪು ಪ್ರೈಮರು.
ಅದರಡಿ ಮದರಾಸಿನಲ್ಲಿ ಒತ್ತಿದ ತಗಡು, ಬೆತ್ತಲೆ,
ಮೀನಿನ ಹೊಟ್ಟೆಯ ಹಾಗೆ.

ಲಾಲ್‌ಬಾಗಿನ ಕಡೆಯಿಂದ ಬಾವಲಿಗಳು ಹೊರಟಿದ್ದವು.
ಡಿಕ್ಕಿ ಮುಚ್ಚಿ, ಮುಂದೆ ಹೋಗಿ ಕೂತು, ಒತ್ತಿದೆ.
ಹಿಂದಿನಿಂದ ಮಾತಿಲ್ಲ.
"ಸಾರ್?"
ಕನ್ನಡಿಯಲ್ಲಿ ಹುಡುಕಿದೆ.
ಅರ್ಧ ಬಗ್ಗಿ ನಿಂತಿದ್ದಾರೆ,
ಕನ್ನಡಕದ ಎರಡು ಗಾಜಿನಲ್ಲೂ ಕೆಂಪು.
"ಇದೆ" ಅಂದರು,
"ಕಾಲು ತೆಗೀಬೇಡಿ."