ಪುಟ ನಲವತ್ತೊಂದು

ಕಾಶಿರಾಯಣ್ಣ, ತಗೋರಿ, ಐದೂ ತಂದೀನಿ.
ಮೂರು ನನ್ನ ಕಾರ್ಡಿಂದು, ಎರಡು ನಮ್ಮಕ್ಕನ ಮಗಳಿಂದು.
ತಾರೀಖು ಮೂರು ದಿನ ದಾಟ್ಯಾದ, ಗೊತ್ತದ,
ನೈಟ್ ಡ್ಯೂಟಿ ಇತ್ತು.
ದಂಡ ಸಾಬಮ್ಮ ಸಿಸ್ಟರ್ ಹೆಸರಿಗೇ ಬರಕೋರಿ, ಹುಡಗಿ ಹೆಸರಿಗಿ ಬ್ಯಾಡ.
ನೀವು ಬರಿಯೂತನಕ ನಾ ಹೇಳೂದು ಕೇಳ್ರಿ.

ಈ ದಪ್ಪಂದು, ಸುಲ್ತಾನನ ಕಥಿ.
ಆರ್ನೂರು ಪುಟ. ಕುದುರಿ, ಕತ್ತಿ, ಮತ್ತ ಕುದುರಿ.
ಅಷ್ಟು ಕುದುರಿಯೊಳಗ ಒಂದರೇ ಲದ್ದಿ ಹಾಕಂಗಿಲ್ಲ.
ರಾಣಿ ಕ್ವಾಟಿ ಮ್ಯಾಲ ದಿನಕ್ಕ ಎರಡು ಸಲ ಝಳಕ ಮಾಡ್ತಾಳ,
ನೀರು ಯಾರು ಹೊತ್ತರು?
ಬರದವರು ಮೇ ತಿಂಗಳದಾಗ ನಮ್ಮ ಗುಡ್ಡ ಒಮ್ಮೆರೆ ಹತ್ತಬೇಕಿತ್ತು,
ಖಾಲಿ ಕೊಡ ಹಿಡಕೊಂಡು.
ಪುಟ ಮುನ್ನೂರ ಎಂಟರಾಗ ಒಬ್ಬಾಕಿ ದಾಸಿ ಕೆಮ್ಮತಾಳ.
ಬರೇ ಕೆಮ್ಮತಾಳ, ತಾಟು ಇಟ್ಟು ಹೋಗ್ತಾಳ.
ಆಕಿ ಮತ್ತ ಬರ್ತಾಳೇನೋ ಅಂತ
ನಾ ಕಡೀತನಕ ಓದಿದೆ.

ಇದು ಪ್ರೀತಿದು. ರಟ್ಟಿನ ಮ್ಯಾಲ ಗುಲಾಬಿ. ನಗಬ್ಯಾಡ್ರಿ.
ಅವನಿಗಿ ಕೆಲಸ ಏನು, ಪಗಾರ ಎಷ್ಟು, ಎಲ್ಲೂ ಇಲ್ಲ.
ಇಬ್ಬರೂ ಏನೂ ತಿನ್ನಂಗಿಲ್ಲ, ಚಂದ್ರನ ನೋಡ್ತಾರ.
ನನ್ನ ವಾರ್ಡಿನಾಗ ಇದ್ದಿದ್ರ ಸಲೈನ್ ಹಚ್ಚತಿದ್ದೆ.
ಆದ್ರ ಬಸ್ ಸ್ಟ್ಯಾಂಡಿನಾಗ ಹರಕೊಂಡ ಆಕಿ ಚಪ್ಪಲಿಗಿ
ಅವ ಪಿನ್ನು ಹಾಕಿ ಕೂಡಿಸೂ ಪುಟ ಅದಲ್ಲ,
ಅದನ್ನ ಮೂರು ಸಲ ಓದೀನಿ.
ಯಾರಿಗೂ ಹೇಳಬ್ಯಾಡ್ರಿ.

ಮಂಗಳ ಗ್ರಹದ್ದು ಛಲೋ ಅದ. ಖರೇನ.
ಕೆಂಪು ಧೂಳು, ನೀರಿಗಿ ಪಾಳಿ, ಕರೆಂಟಿಗಿ ಲೆಕ್ಕ,
ಓದಕೋತ ಓದಕೋತ ಇದು ನಮ್ಮ ಕಡೀದೇ ಅಲ್ಲೇನು ಅನಸ್ತು.
ಮುನ್ನೂರು ವರ್ಷ ಆದಮ್ಯಾಲಿನ ಕಥಿ ಅಂತ,
ಆಗೂ ಎಲ್ಲಾರೂ ಪುಸ್ತಕದ ಕನ್ನಡಾನೇ ಮಾತಾಡ್ತಾರ.
ಒಬ್ಬರೂ 'ಯಾಕ್ರೀ' ಅನ್ನಂಗಿಲ್ಲ.
ಅಷ್ಟು ದೊಡ್ಡ ರಾಕೆಟ್ಟಿಗಿ
ಯಾದಗಿರಿ ಸ್ಟೇಷನ್ನಿನಾಗ ಸ್ಟಾಪ್ ಇರಲಿಲ್ಲೇನ್ರಿ?

ದೆವ್ವದ್ದು ಅರ್ಧಕ್ಕ ಬಿಟ್ಟೆ.
ಹನ್ನೆರಡಕ್ಕ ಬಿಳಿ ಸೀರಿ ಬರ್ತದಂತ.
ಹನ್ನೆರಡಕ್ಕ ನಮ್ಮ ಬಲ್ಲಿ ಬರೋರು
ಬಿಸಿನೀರು ಕೇಳಲಿಕ್ಕ ಬರ್ತಾರ.

ಇನ್ನ ಈ ಕೊಲಿದು. ಇದರದು ಬ್ಯಾರೇನೇ ಅದ.
ಹೆಣ ಅರ್ಧ ತಾಸಿಗೇ ಕಟಗಿ ಆಯ್ತಂತ ಬರದಾರ,
ಅಷ್ಟು ಜಲ್ದಿ ಆಗಂಗಿಲ್ಲ. ಇರಲಿ.
ಪುಟ ನಲವತ್ತೊಂದರಾಗ ಯಾರೋ ಪುಣ್ಯಾತ್ಮರು
ಪೆನ್ಸಿಲ್ಲಿಲೆ ಬರದಾರ: 'ಮೈದುನನೇ ಕೊಂದವ.'
ಅಲ್ಲಿಂದ ಇನ್ನೂರು ಪುಟ
ಆ ಮೈದುನ ಚಾ ಕುಡದ್ರೂ ನನಗ ಸಂಶೇ.
ಅತ್ರ ನಾಟಕ, ಸುಮ್ಮನಿದ್ರ ಮಸಲತ್ತು.
ಒಂದು ಕಡಿ ನಾಯಿಗಿ ರೊಟ್ಟಿ ಹಾಕಿದ,
ಅದರಾಗ ವಿಷ ಅದ ಅಂದೆ.
ಕಡೀಕ ನೋಡಿದ್ರ
ಅವ ಅಲ್ಲೇ ಅಲ್ಲ.

ಬೆಳಗಿನ ಜಾವ ನಾಕಕ್ಕ ಪುಸ್ತಕ ಮುಚ್ಚಿ ಹಾಂಗೇ ಕುಂತಿದ್ದೆ.
ಸ್ಟೋರಿನ ತಾಯಪ್ಪ ಆಕ್ಸಿಜನ್ ಸಿಲಿಂಡರ್
ಉರಳಿಸಿಕೋತ ಬಂದ.
ನಾ ಕೆಲಸಕ್ಕ ಸೇರಿದ ಮೊದಲನೇ ದಿನ
ಯಾರೋ ಕಿವ್ಯಾಗ ಅಂದಿದ್ರು, 'ಅವನ ಕೈ ಸುದ್ದ ಇಲ್ಲ.'
ಯಾರು ಅಂದಿದ್ರು? ಮುಖಾನೇ ನೆನಪಿಲ್ಲ.
ಹನ್ನೊಂದು ವರ್ಷ ಆಯ್ತು,
ಅವ ಬಂದ್ರ ನನ್ನ ಚೀಲ
ಈ ಮಗ್ಗಲಿಂದ ಆ ಮಗ್ಗಲಿಗಿ ಹೋಗ್ತದ, ಅದರ ಪಾಡಿಗಿ ಅದು.
ಆವತ್ತೂ ಹೋಯ್ತು.
ಅವ ನೋಡಿದ.
ದಿನಾ ನೋಡ್ತಿದ್ದನೇನೋ.

ಪುಟ ನಲವತ್ತೊಂದು ರಬ್ಬರ್ ಹಚ್ಚಿ ಅಳಿಸೀನಿ, ಅಣ್ಣ.
ಬೆಳಕಿಗಿ ಹಿಡದ್ರ ಇನ್ನಾ ಕಾಣ್ತದ,
ಭಾಳ ಒತ್ತಿ ಬರದಾರ.
ದಂಡ ಎಷ್ಟಾಯ್ತು? ಚಿಲ್ಲರ ಇರಲಿ ಬಿಡ್ರಿ.
ಮತ್ತೊಂದು ಕೊಲಿದು ಇದ್ರ ಕೊಡ್ರಿ.
ಆದ್ರ ಮೊದಲ ನೀವು ಪುಟ ತಿರವಿ ನೋಡ್ರಿ,
ಯಾರರ ಏನರ ಬರದಾರೇನು.